ನಿಮಿಷಕ್ಕೆ ಹತ್ತು ಹನಿ

ರಿಸೆಷನ್ನಿನಲ್ಲಿ ಅಮೆರಿಕದ ಲಿವೋನಿಯಾದ ನಮ್ಮ ಆಫೀಸು ಅರ್ಧ ಖಾಲಿಯಾಗಿತ್ತು. ಹಾಗಾಗಿ ಬಾಸ್ ನನಗೆ ವಿದೇಶದಲ್ಲಿ ನಡೆಯುವ ಮೆರೀನ್ ಸೈನಿಕರ ತಾಲೀಮಿಗೆ ಹೋಗು ಅಂದಾಗ, ಈಜು ಬರಲ್ಲ ಅಂತ ನಾನು ಬಾಯಿ ಬಿಡಲಿಲ್ಲ. ಅವರ ಉಕ್ಕಿನ ಕವಚದ ವಾಹನ ಸಮುದ್ರದಲ್ಲೂ ತೇಲುತ್ತದೆ. ಅದರ ಹಿಂಬಾಗಿಲಿನಲ್ಲಿ ನೀರು ತಡೆಯುವ ರಬ್ಬರ್ ಸೀಲ್ ನನ್ನ ಡಿಸೈನ್.

"ಹಾಗಾದ್ರೆ ಅದರ ಪಕ್ಕದಲ್ಲೇ ಕೂತ್ಕೊಳ್ಳಿ," ಅಂತ ಸಾರ್ಜೆಂಟ್ ಬಾಗಿಲು ಹಾಕಿಸಿದ.

ನೀರಿಗಿಳಿದದ್ದೇ ತಡ, ನನ್ನ ತೊಡೆ ಮೇಲೆ ತಣ್ಣಗೆ ಏನೋ ಬಿತ್ತು.

"ಸಾರ್ಜೆಂಟ್, ನೀರು ಒಳಗೆ ಬರ್ತಿದೆ!" ಅಂತ ಕಿರುಚಿದೆ.

"ನಿಮಿಷಕ್ಕೆ ಹತ್ತು ಹನಿ ತನಕ ಪರವಾಗಿಲ್ಲ ಅಂತ ನಿಮ್ಮ ಡ್ರಾಯಿಂಗಲ್ಲೇ ಇದೆಯಲ್ಲ," ಅಂದ ಆತ.

ರಾಯರ ಜಪ ಮಾಡೋ ಹಾಗೆ ಹನಿ ಎಣಿಸಿದೆ. ನಾಲ್ಕಕ್ಕೇ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡೆ.

ಲಿವೋನಿಯಾಕ್ಕೆ ವಾಪಸ್ ಬಂದ ದಿನವೇ ಡ್ರಾಯಿಂಗಿನಲ್ಲಿ ಆ ಹತ್ತನ್ನು ಅಳಿಸಿ ಸೊನ್ನೆ ಮಾಡಿದೆ. ಬದಲಾವಣೆಗೆ ಕಾರಣ ಅನ್ನೋ ಕಡೆ "ಬಳಸಿದವರ ದೂರು" ಅಂತ ಬರೆದೆ.