ಭೂಪಾಲ ಮಾಸ್ತರರ ಎರಡು ಕೈ ಗತ್

1988ರಲ್ಲಿ ನಾನು ಚಿಕ್ಕೋಡಿಯ ಹೈಸ್ಕೂಲೊಂದರ ಸಂಗೀತ ಶಿಕ್ಷಕ. ನೌಕರಿಗೆ ಹದಿನಾಲ್ಕನೆಯ ವರ್ಷ. ಸಂಗೀತ ಶಿಕ್ಷಕ ಎನ್ನುವುದು ಕಾಗದದ ಮೇಲಿನ ಮಾತು. ಬೆಳಿಗ್ಗೆ ಪ್ರಾರ್ಥನೆ, ಸಂಜೆ ರಾಷ್ಟ್ರಗೀತೆ, ನಡುವೆ ಯಾವ ಸಾಹೇಬರು ಬಂದರೂ ಸ್ವಾಗತಗೀತೆ. ಅತಿಥಿ ಬಾಗಿಲಲ್ಲಿ ಕಾಣಿಸಿದೊಡನೆ ಪೇಟಿ, ಅಂದರೆ ಹಾರ್ಮೋನಿಯಂ, ಶುರುವಾಗಬೇಕು. ಚೂರು ತಡವಾದರೂ ಹೆಡ್‌ಮಾಸ್ತರರು ಹುಬ್ಬು ಗಂಟಿಕ್ಕುತ್ತಿದ್ದರು.

ಆ ವರ್ಷವೇ ರಾಯಬಾಗದ ಭೂಪಾಲ ಮಾಸ್ತರರ ಪರಿಚಯವಾಯಿತು. ಮುಚ್ಚಿಹೋದ ನಾಟಕ ಕಂಪನಿಯೊಂದರಲ್ಲಿ ಪೇಟಿ ನುಡಿಸಿದವರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಂಪನಿಯ ಲೆಗ್ ಹಾರ್ಮೋನಿಯಂಗಾಗಿ ಅವರು ಇಪ್ಪತ್ತೆರಡು ನಿಮಿಷದ ಗತ್ ಒಂದನ್ನು ಕಟ್ಟಿದ್ದರು. ಗತ್ ಎಂದರೆ ಹಾಡಿಲ್ಲದ, ಬರೀ ವಾದ್ಯದ ರಚನೆ. ಲೆಗ್ ಹಾರ್ಮೋನಿಯಂಗೆ ಕಾಲಿನಿಂದ ಗಾಳಿ ತುಂಬುವುದರಿಂದ ಎರಡೂ ಕೈ ಬಿಡುವಾಗಿರುತ್ತವೆ. ಎಡಗೈ ಹತ್ತು ಮಾತ್ರೆಯ ಝಪ್ತಾಲ ಹಿಡಿದಿದ್ದರೆ ಬಲಗೈ ಏಳೇಳು ಸ್ವರಗಳಾಗಿ ಮುರಿದು ಓಡಬೇಕು. ಪೂರಾ ನುಡಿಸುವ ಮೊದಲೇ ಅವರ ಕೈ ಹೋಗಿದ್ದರಿಂದ ಅದನ್ನು ಯಾರೂ ಕಲಿತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

"ಸಾಯೂದ್ರಾಗ ಒಮ್ಮಿ ಪೂರಾ ಕೇಳಬೇಕ್ರಿ. ಅಷ್ಟ ಆಸೆ," ಎಂದರು.

ಎರಡು ವರ್ಷ ನಾನು ರಾಯಬಾಗದ ರವಿವಾರದ ಬಸ್ಸು ತಪ್ಪಿಸಲಿಲ್ಲ. ಅವರ ಮನೆಯಲ್ಲಿ ಲೆಗ್ ಹಾರ್ಮೋನಿಯಂ ಇರಲಿಲ್ಲ, ನಾನು ಹಲಗೆಯ ಮೇಲೆ ಎರಡೂ ಕೈ ಓಡಿಸುತ್ತಿದ್ದೆ. ಅವರು ಬಾಯಲ್ಲಿ ಸರಿಗಮ ಹೇಳುತ್ತ, ಎಡಗೈಯಿಂದ ಮಂಚ ಬಡಿಯುತ್ತ ಕಲಿಸಿದರು. ತಾಳ ತಪ್ಪಿದರೆ, "ಎಡಗೈ ಎಲ್ಲಿ ಹೋತ್ರಿ, ಬೀಗರ ಮನಿಗೇನು?" ಎಂದು ಕಾಡಿಸುತ್ತಿದ್ದರು.

ನಮ್ಮ ಕಡೆ ವಾರ್ಷಿಕೋತ್ಸವವನ್ನು ಗ್ಯಾದರಿಂಗ್ ಎನ್ನುತ್ತಾರೆ. 1990ರ ಗ್ಯಾದರಿಂಗಿನಲ್ಲಿ, ಹೆಡ್‌ಮಾಸ್ತರರ ಕೈಕಾಲು ಹಿಡಿದು, ಅತಿಥಿ ಬರುವ ಮುಂಚಿನ ಅರ್ಧ ಗಂಟೆಯನ್ನು ಇಸಿದುಕೊಂಡೆ. ತಿಂಗಳು ಮೊದಲೇ ನಿಪ್ಪಾಣಿಯಿಂದ ಲೆಗ್ ಹಾರ್ಮೋನಿಯಂ ತರಿಸಿ ಕೈ ಕೂಡಿಸಿಕೊಂಡೆ. ಮಾಸ್ತರರನ್ನು ಅವರ ಮಗಳು ಜೀಪಿನಲ್ಲಿ ಕರೆತಂದು ಮೊದಲ ಸಾಲಿನಲ್ಲಿ ಕೂಡಿಸಿದಳು. ಹದಿನೆಂಟು ನಿಮಿಷ ಒಂದು ಸ್ವರವೂ ಜಾರಲಿಲ್ಲ. ಅವರು ಕಣ್ಣು ಮುಚ್ಚಿ ಕೂತಿದ್ದರು.

"ಬಂದ್ರು! ಸಾಹೇಬ್ರು ಬಂದ್ರು!" ಎಂದು ಹಿಂದೆ ಗದ್ದಲವೆದ್ದಿತು. ಅತಿಥಿಗಳು ಬೇಗ ಬಂದಿದ್ದರು. ನಿಲ್ಲಿಸು ಎಂದು ನನಗೆ ಯಾರೂ ಹೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ನನ್ನ ಹಾಳು ಬೆರಳುಗಳು ತಾವಾಗಿಯೇ ಗತ್ ಬಿಟ್ಟು ಸ್ವಾಗತಗೀತೆಗೆ ಹೊರಳಿದವು. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಹುಡುಗಿಯರು ಎದ್ದು ಹಾಡಿಯೇಬಿಟ್ಟರು.

"ಭಾರೀ ಟೈಮಿಂಗ್ ಮಾಸ್ತರ!" ಎಂದು ಹೆಡ್‌ಮಾಸ್ತರರು ನನ್ನ ಬೆನ್ನು ಚಪ್ಪರಿಸಿದರು.

ಶಾಲು, ಹಾರಗಳ ಗದ್ದಲದಲ್ಲಿ ಕೆಳಗಿಳಿದು ಭೂಪಾಲ ಮಾಸ್ತರರ ಕಾಲು ಹಿಡಿದೆ. "ನಾಳೆನ ಪೇಟಿ ತಗೊಂಡ ಬರ್ತೀನ್ರಿ. ಮೊದಲಿಂದ ಪೂರಾ ನುಡಸ್ತೀನಿ," ಎಂದೆ.

"ಬ್ಯಾಡ್ರಿ," ಎಂದರು. ಸಿಟ್ಟಿರಲಿಲ್ಲ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಕಂಪನ್ಯಾಗ ನಂದೂ ಇದ ಪಾಡ ಇತ್ತು. ಸಾವಕಾರ ಬಂದ್ರ ನಿಲ್ಲಸೂದು, ರಾಜಾ ಪಾರ್ಟಿನಾಂವ ಸ್ಟೇಜಿಗೆ ಬಂದ್ರ ಶುರು ಮಾಡೂದು. ಯಾರ ಬಂದ್ರೂ ನಿಲ್ಲಬಾರ್ದು ಅಂತ ಈ ಗತ್ ಕಟ್ಟಿದ್ದೆ."

ಹನ್ನೊಂದನೆಯ ದಿನಕ್ಕೆ ಅವರು ತೀರಿಕೊಂಡರು.

ದಿನಾ ಮಾಡಿಸಿದ್ದನ್ನೇ ಕೈ ಕಲಿಯುತ್ತದೆ. ನಾವು ಯಾವುದನ್ನು ಪ್ರೀತಿಸುತ್ತೇವೆ ಎಂದು ಅದು ಕೇಳುವುದಿಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಗತ್ತಿನ ಕೊನೆಯ ನಾಲ್ಕು ನಿಮಿಷ ನನಗೆ ಇವತ್ತಿಗೂ ಬರುತ್ತದೆ. ನುಡಿಸಿ ತೋರಿಸಿ ಎಂದು ಕೆಲವರು ಕೇಳಿದ್ದಾರೆ. ಕೇಳಬೇಕಾಗಿದ್ದವರು ಒಬ್ಬರೇ.