ಹಿಡಿದೊಯ್ದ ನಾವಿಕರು

ಎಂಬತ್ತಾರನೆಯ ಇಸವಿಯ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ತಂಗಿಯ ಗಂಡ ಸುರೇಶ ನನ್ನನ್ನೂ ತನ್ನ ಮಗಳು ಶುಭಾಳನ್ನೂ ಮೌಂಟನ್ ವ್ಯೂ ರೈಲು ನಿಲ್ದಾಣದಲ್ಲಿ ಇಳಿಸಿದ. “ಅಕ್ಕ, ಸ್ವೆಟರ್ ತಗೊಂಡಿದೀರಲ್ಲ? ಸಿಟೀಲಿ ಫಾಗು ಜಾಸ್ತಿ ಇರತ್ತೆ,” ಎಂದು ಕಿಟಕಿಯಿಂದಲೇ ಕೇಳಿ ಕಾರು ತಿರುಗಿಸಿದ. ಲಾಸ್ ಆಲ್ಟೋಸಿನ ಮನೆಯಲ್ಲಿ ಐದು ವಾರದ ಮಗು ಇತ್ತು. ತಂಗಿಯ ಎರಡನೆಯ ಬಾಣಂತನಕ್ಕೆಂದೇ ಉಡುಪಿಯ ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮರುದಿನ ನಾನು ವಿಮಾನ ಹತ್ತಿದ್ದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಪೂರ್ತಿ ನಿದ್ದೆ ಆಗಿರಲಿಲ್ಲ. ಊರು ನೋಡುವ ಆಸೆಯಂತೂ ಎಂದೋ ಬತ್ತಿಹೋಗಿತ್ತು. ಶುಭಾಳ ಶಾಲೆಯ ರಿಪೋರ್ಟು ಇಲ್ಲದಿದ್ದರೆ ಆ ದಿನವೂ ಹೊರಡುತ್ತಿರಲಿಲ್ಲ.

ಎಂಟನೆಯ ತರಗತಿಯ ಹುಡುಗಿ ಅವಳು. 1812ರಲ್ಲಿ ಅಮೆರಿಕ ಬ್ರಿಟಿಷರ ಮೇಲೆ ಏಕೆ ಯುದ್ಧ ಸಾರಿತು ಎಂಬುದರ ಬಗ್ಗೆ ಬರೆಯಬೇಕಿತ್ತು. ಜೊತೆಗೆ ಒಂದು ಹಳೆಯ ಹಡಗು ನೋಡಿ, ಸಮುದ್ರದಲ್ಲಿ ಕೆಲಸ ಮಾಡಿದ ಒಬ್ಬರನ್ನು ಮಾತಾಡಿಸಿ ಬರಬೇಕು ಎಂದು ಟೀಚರ್ ಹೇಳಿದ್ದರಂತೆ. ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ ಕಟ್ಟೆಯಲ್ಲಿ ನಿಲ್ಲಿಸಿರುವ ಹಳೆಯ ಹಾಯಿಹಡಗೊಂದರಲ್ಲಿ ನಮ್ಮ ಮಲ್ಪೆಯ ಮುದುಕರೊಬ್ಬರು ಹಗ್ಗದ ಕೆಲಸ ಮಾಡುತ್ತಾರೆ, ಹೆಸರು ವಾಸು ಮೆಂಡನ್ ಎಂದು ಸುರೇಶನೇ ಪತ್ತೆ ಮಾಡಿ ಫೋನಿನಲ್ಲಿ ಮಾತಾಡಿಟ್ಟಿದ್ದ.

ರೈಲು ಸುಮಾರು ಒಂದೂಕಾಲು ಗಂಟೆಯ ದಾರಿ. ಪಾಲೋ ಆಲ್ಟೋ ದಾಟುವವರೆಗೆ ಬಿಸಿಲಿತ್ತು. ಶುಭಾ ನೋಟ್‌ಬುಕ್ಕು ತೆರೆದು, “ದೊಡ್ಡಮ್ಮ, ಐ ನೀಡ್ ಥ್ರೀ ಕಾಸಸ್. ನೀವು ಹಿಸ್ಟರಿ ಟೀಚರ್ ಅಲ್ವಾ?” ಎಂದಳು.

ಇಪ್ಪತ್ತೆರಡು ವರ್ಷ ಚರಿತ್ರೆ ಕಲಿಸಿದವಳು ನಾನು. ಆದರೆ ನಮ್ಮ ಪಠ್ಯದಲ್ಲಿ ಇದ್ದದ್ದು ಚಹಾದ ಮೇಲಿನ ತೆರಿಗೆ, ಅದರಿಂದ ಹುಟ್ಟಿದ ಸ್ವಾತಂತ್ರ್ಯ ಸಮರ. ಅದು ಮುಗಿದು ಮೂವತ್ತು ವರ್ಷವೂ ತುಂಬುವ ಮೊದಲು ಅದೇ ಬ್ರಿಟಿಷರೊಂದಿಗೆ ನಡೆದ ಈ ಎರಡನೆಯ ಯುದ್ಧಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಲೈಬ್ರರಿಯಿಂದ ತಂದ ಪುಸ್ತಕವನ್ನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಓದಿದ್ದೆ. ತಿಳಿದಷ್ಟು ಹೇಳಿದೆ. ಬ್ರಿಟಿಷರು ಆಗ ಫ್ರೆಂಚರೊಂದಿಗೆ ಯುದ್ಧದಲ್ಲಿದ್ದರು, ಅವರ ನೌಕಾಪಡೆಗೆ ಆಳುಗಳು ಸಾಲುತ್ತಿರಲಿಲ್ಲ. ಸಮುದ್ರದ ಮಧ್ಯದಲ್ಲಿ ಅಮೆರಿಕದ ಹಡಗುಗಳನ್ನು ತಡೆದು, ಇವನು ನಮ್ಮಿಂದ ಓಡಿಹೋದವನು ಎಂದು ಬೇಕಾದ ನಾವಿಕರನ್ನು ಎಳೆದೊಯ್ಯುತ್ತಿದ್ದರು. ಓಡಿಬಂದವರೂ ಇದ್ದರು, ಅಮೆರಿಕದಲ್ಲೇ ಹುಟ್ಟಿದವರೂ ಇದ್ದರು. ಇದು ಮೊದಲನೆಯ ಕಾರಣ. ಫ್ರಾನ್ಸಿನೊಂದಿಗೆ ವ್ಯಾಪಾರ ಮಾಡದಂತೆ ಅಡ್ಡಹಾಕಿದ್ದು ಎರಡನೆಯದು.

“ಮೂರನೇದು?”

“ನೆಲದ ಆಸೆ. ಪಶ್ಚಿಮದ ಕಡೆ ಮೂಲನಿವಾಸಿಗಳ ನೆಲ ಬೇಕಿತ್ತು. ಬ್ರಿಟಿಷರು ಅವರಿಗೆ ಕೋವಿ ಕೊಡುತ್ತಾರೆ ಅಂತ ಸಿಟ್ಟು. ಉತ್ತರಕ್ಕೆ ಕೆನಡಾದ ಮೇಲೂ ಕೆಲವರಿಗೆ ಕಣ್ಣಿತ್ತು.”

“ಹಾಗಾದ್ರೆ ನಿಜವಾದ ಕಾರಣ ಯಾವುದು?”

ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ.

ಸಿಟಿಯಲ್ಲಿ ಇಳಿದಾಗ ಗಾಳಿ ಮುಖಕ್ಕೆ ಹೊಡೆಯಿತು. ಮೂವತ್ತನೆಯ ನಂಬರಿನ ಬಸ್ಸಿನಲ್ಲಿ ಚೀನೀ ಅಜ್ಜಿಯರು ಸೊಪ್ಪಿನ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು ತುಂಬಿದ್ದರು. ನಿಂತೇ ಪ್ರಯಾಣ ಮಾಡಿದೆವು. ಕಟ್ಟೆಯ ಹತ್ತಿರ ಇಳಿದೆವು. ಕೊಲ್ಲಿಯಲ್ಲಿ ಎದುರಿನ ದ್ವೀಪವೇ ಕಾಣದಷ್ಟು ಮಂಜು.

ಹಡಗು ಬ್ರಿಟನ್ನಿನಲ್ಲಿ ಕಟ್ಟಿದ್ದು, ಮೂರು ಹಾಯಿಕಂಬದ್ದು, ಅದಕ್ಕೆ ನೂರು ವರ್ಷ. ಮೆಂಡನ್ ಡೆಕ್ಕಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕುಳಿತು ಹಗ್ಗದ ತುದಿ ಹೆಣೆಯುತ್ತಿದ್ದರು. ಅರವತ್ತೈದರ ಆಸುಪಾಸು, ಕುಳ್ಳು, ಉಣ್ಣೆಯ ಟೋಪಿ. ನನ್ನನ್ನು ಕಂಡವರೇ “ಊರು ಓಲು?” ಎಂದು ತುಳುವಿನಲ್ಲಿ ಕೇಳಿದರು. ಉಡುಪಿ ಎಂದಾಗ ಸುಮ್ಮನೆ ತಲೆಯಾಡಿಸಿ, ತಮ್ಮ ಪೆಟ್ಟಿಗೆಯನ್ನು ನನಗೆ ಬಿಟ್ಟುಕೊಟ್ಟು ನೆಲದ ಮೇಲೆ ಕುಳಿತರು. ಮುಂದಿನ ಮಾತೆಲ್ಲ ತುಳುವಿನಲ್ಲೇ ಆಯಿತು. ತಾಯಿಯ ಬಾಯಲ್ಲಿ ಕೇಳಿ ಬೆಳೆದ ಶುಭಾಳಿಗೆ ಅದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅವಳು ತನ್ನ ಮೂರು ಕಾರಣಗಳನ್ನು ಓದಿ ಹೇಳಿದಳು. ಮೆಂಡನ್ ಮೊದಲನೆಯದನ್ನು ಇನ್ನೊಮ್ಮೆ ಓದಿಸಿದರು.

“ನಾವಿಕರನ್ನು ಹಿಡಿದುಕೊಂಡು ಹೋದರು ಅಂತ ಯುದ್ಧ ಮಾಡಿದರಾ? ನಾವಿಕರಿಗೋಸ್ಕರ?”

“ಹಾಗಂತ ಹೇಳಿದರು,” ಎಂದೆ ನಾನು. “ಆದರೆ ಎರಡೂವರೆ ವರ್ಷ ಹೊಡೆದಾಡಿ ಒಪ್ಪಂದ ಬರೆದಾಗ ಆ ನಾವಿಕರ ಬಗ್ಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಎಲ್ಲರಿಗೂ ಸಾಕಾಗಿತ್ತು.”

ಅವರ ಕೈ ನಿಂತಿತು. ಆಮೇಲೆ ಅವರು ಹೇಳಿದ್ದನ್ನು ನಾನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

“ಹಿಟ್ಲರನ ಯುದ್ಧದ ಕಾಲ. ನಾನೂ ನಮ್ಮ ಕೇರಿಯ ತ್ಯಾಂಪನೂ ಬೊಂಬಾಯಿಯಲ್ಲಿ ಬ್ರಿಟಿಷರ ಸರಕು ಹಡಗು ಹತ್ತಿದೆವು. ಒಂದು ವರ್ಷದ ಕರಾರು. ವರ್ಷ ಮುಗಿಯಿತು, ಕಪ್ತಾನ ಬಿಡಲಿಲ್ಲ. ಯುದ್ಧ ಮುಗಿಯಲಿ ಅಂದ. ನಮ್ಮ ಕಣ್ಣೆದುರೇ ಪಕ್ಕದ ಹಡಗು ಮುಳುಗಿತ್ತು. ಹೆದರಿಕೆಯಾಯಿತು. ಇಲ್ಲಿ ಲಂಗರು ಹಾಕಿದಾಗ ಇಬ್ಬರೂ ಇಳಿದು ಓಡಿದೆವು. ಮೇಲಿನ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ. ಆರನೆಯ ದಿನ ಬೆಳಿಗ್ಗೆ ನಾನು ಬ್ರೆಡ್ಡು ತರಲು ಹೋಗಿದ್ದೆ. ವಾಪಸು ಬರುವಾಗ ನಮ್ಮ ಬಾಗಿಲಲ್ಲಿ ಹಡಗಿನ ಅಧಿಕಾರಿ, ಜೊತೆಗೆ ಇಬ್ಬರು ಪೊಲೀಸರು. ಮಧ್ಯದಲ್ಲಿ ತ್ಯಾಂಪ. ನಾನು ಎದುರಿನ ಪಾದಚಾರಿ ದಾರಿಯಲ್ಲಿ, ಇಲ್ಲಿಂದ ಆ ಕಂಬದಷ್ಟು ದೂರ. ಇನ್ನೊಬ್ಬ ಎಲ್ಲಿ ಅಂತ ಅಧಿಕಾರಿ ಅವನ ಭುಜ ಹಿಡಿದು ಅಲ್ಲಾಡಿಸಿದ. ತ್ಯಾಂಪ ನನ್ನನ್ನು ನೋಡಿದ. ನೋಡಿ, ಮುಖ ಆ ಕಡೆ ತಿರುಗಿಸಿಕೊಂಡ.”

ಶುಭಾ ಬರೆಯುವುದನ್ನು ನಿಲ್ಲಿಸಿದ್ದಳು. “ಡಿಡ್ ಯು ಗೋ ಟು ಹಿಮ್?”

“ಇಲ್ಲ ಮಗಾ. ಬ್ರೆಡ್ಡು ಹಿಡಿದುಕೊಂಡು ಬೇರೆ ದಾರಿಯಲ್ಲಿ ಹೋದೆ.”

ತ್ಯಾಂಪನನ್ನು ಮತ್ತೆ ಹತ್ತಿಸಿಕೊಂಡು ಹೋದ ಆ ಹಡಗು ಮೂರು ತಿಂಗಳ ಬಳಿಕ ಮುಳುಗಿತೆಂದು ಅವರು ಇದೇ ಕಟ್ಟೆಯ ಮೇಲೆ ಕೇಳಿದರಂತೆ. ಯಾರೂ ಉಳಿಯಲಿಲ್ಲ. ಮೀನಿನ ಕಾರ್ಖಾನೆ, ದೋಣಿ, ಮತ್ತೆ ಕಾರ್ಖಾನೆ ಎಂದು ದಿನ ಕಳೆದರು. ಕಾಗದಪತ್ರ ಆಗಲು ಎಷ್ಟೋ ವರ್ಷ ಹಿಡಿಯಿತು. ಊರಿಗೆ ಒಂದು ಪತ್ರವನ್ನೂ ಬರೆಯಲಿಲ್ಲ.

“ನಿಮ್ಮ ಮನೆಗಾದರೂ ಬರೆಯಬಹುದಿತ್ತು,” ಎಂದೆ.

“ನಮ್ಮ ಮನೆಗೆ ಬರೆದರೆ ಅವನ ಅಮ್ಮ ಕೇಳಿಕೊಂಡು ಬರುತ್ತಿದ್ದಳು. ನಿನ್ನ ಜೊತೆಗೆ ಹೋದವ ಎಲ್ಲಿ ಅಂತ. ಏನು ಹೇಳುವುದು?” ಎಂದು ಹಗ್ಗವನ್ನು ಪಕ್ಕಕ್ಕಿಟ್ಟರು. “ಈಗ ಅವಳಿರಲಿಕ್ಕಿಲ್ಲ. ಅವನ ತಂಗಿ ಇದ್ದಳು, ಕಮಲ. ಆಗ ಏಳೆಂಟು ವರ್ಷ. ಇದ್ದರೆ ನೀವು ಹೇಳಿ. ಇಷ್ಟೂ ಹೇಳಿ. ನಾನು ಬೇರೆ ದಾರಿಯಲ್ಲಿ ಹೋದದ್ದನ್ನೂ.”

ಒಲ್ಲೆ ಎನ್ನಬೇಕೆನಿಸಿತು. ನನಗೆ ಈಗಿರುವ ಹೊರೆಯೇ ಸಾಕಾಗಿತ್ತು. ಆದರೂ ಹೂಂ ಎಂದೆ. ಅವರು ನಮಗೆ ಕಟ್ಟೆಯ ಅಂಗಡಿಯಿಂದ ಕಾಫಿ ತಂದುಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಹೊರಡುವಾಗ ಶುಭಾ, ತ್ಯಾಂಪನ ಹೆಸರಿನ ಸ್ಪೆಲಿಂಗು ಕೇಳಿದಳು. ಅದನ್ನು ಇಂಗ್ಲಿಷಿನಲ್ಲಿ ಯಾರೂ ಸರಿಯಾಗಿ ಬರೆದದ್ದನ್ನು ತಾನು ನೋಡಿಯೇ ಇಲ್ಲ ಎಂದರು ಅವರು. ಇಬ್ಬರೂ ಸೇರಿ ಒಂದು ಸ್ಪೆಲಿಂಗು ಗಟ್ಟಿ ಮಾಡಿದರು.

ವಾಪಸು ರೈಲಿನಲ್ಲಿ ಶುಭಾ ತಾನು ಬರೆದಿದ್ದ ಮೂರು ಕಾರಣಗಳ ಕೆಳಗೆ ಗೆರೆ ಎಳೆದು ಬಹಳ ಹೊತ್ತು ಬರೆದಳು. ನಿಲ್ದಾಣಕ್ಕೆ ಸುರೇಶ ಬಂದಿದ್ದ. ಮನೆಗೆ ಹೋದೊಡನೆ ಮಗುವಿಗೆ ಎಣ್ಣೆ ನೀರಿನ ಕೆಲಸ ಕಾದಿತ್ತು. ಮುಂದಿನ ವಾರ ನಾನು ಊರಿಗೆ ಹೊರಟೆ.

ಜೂನ್ ಎರಡನೆಯ ಭಾನುವಾರ ಬಸ್ಸು ಹಿಡಿದು ಮಲ್ಪೆಗೆ ಹೋದೆ. ಕಮಲಕ್ಕ ಇದ್ದರು. ಐವತ್ತು ದಾಟಿತ್ತು. ಜಗಲಿಯಲ್ಲಿ ಕುಳಿತು ಬಲೆ ಹೊಲಿಯುತ್ತಲೇ ಎಲ್ಲವನ್ನೂ ಕೇಳಿದರು. ಹಡಗು ಮುಳುಗಿದ ಸುದ್ದಿ ಅವರಿಗೆ ಆಗಲೇ ಬಂದಿತ್ತಂತೆ. ಉಳಿದದ್ದು ಗೊತ್ತಿರಲಿಲ್ಲ. ವಾಸು ಬೇರೆ ದಾರಿಯಲ್ಲಿ ಹೋದದ್ದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕೇಳಿದ್ದು ಒಂದೇ.

“ಅಲ್ಲಿ ಚಳಿ ಅಂತೀರಿ ಟೀಚರೆ. ಅವನನ್ನು ಕರೆದುಕೊಂಡು ಹೋಗುವಾಗ ಕಾಲಿಗೆ ಏನಾದರೂ ಇತ್ತಾ? ಮನೆಯಿಂದ ಬರಿಗಾಲಲ್ಲಿ ಹೋದವ. ಅಮ್ಮ ಸಾಯುವವರೆಗೂ ಅದನ್ನೇ ಹೇಳುತ್ತಿದ್ದಳು.”

ಮೆಂಡನ್ನರ ಹತ್ತಿರ ಹಡಗು ಯಾವುದು, ಕರಾರು ಎಷ್ಟು ದಿನದ್ದು ಎಂದೆಲ್ಲ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ಮನೆಗೆ ಬಂದು ಮೆಂಡನ್ನರಿಗೆ ಏರೋಗ್ರಾಂ ಬರೆದೆ.

ಜುಲೈ ಕೊನೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ ಉತ್ತರ ಬಂತು. ಲಕೋಟೆಯ ಮೇಲೆ ನನ್ನ ವಿಳಾಸವಿತ್ತು, ಒಳಗಿನ ಪತ್ರ ಕಮಲಳಿಗೆ. ನಲವತ್ತು ವರ್ಷ ಬರೆಯದ ಕೈಯ ಕನ್ನಡ ಅಕ್ಷರಗಳು ಸೊಟ್ಟಸೊಟ್ಟಗಿದ್ದವು. ಕೊಡೆ ಹಿಡಿದು ಮತ್ತೆ ಮಲ್ಪೆಗೆ ಹೋಗಿ, ಅದೇ ಜಗಲಿಯಲ್ಲಿ ಕುಳಿತು ಓದಿದೆ.

“ಕಾಲಿಗೆ ಬೂಟು ಇತ್ತು, ಕಮಲ. ಹಿಂದಿನ ದಿನವಷ್ಟೇ ಇಬ್ಬರೂ ಹೋಗಿ ಕೊಂಡದ್ದು, ಹೊಸತು. ಸ್ವಲ್ಪ ಬಿಗಿ ಅನ್ನುತ್ತಿದ್ದ. ಆದರೂ ಕೋಣೆಯ ಒಳಗೂ ಬಿಚ್ಚಿರಲಿಲ್ಲ.”

ಕಮಲಕ್ಕ ಅಷ್ಟನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಪತ್ರವನ್ನು ಕೈಗೆ ತೆಗೆದುಕೊಂಡು, “ಸಾಕು ಟೀಚರೆ, ಮಳೆ ಬಿಡುವವರೆಗೆ ಕುಳಿತುಕೊಳ್ಳಿ,” ಎಂದು ಒಳಗೆ ಹೋದರು.