ಕಪ್ಪಿನೊಳಗಿನ ಬೆರಳುಗಳು

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳಿಗೆ ಎಲ್ಲರೂ ಇಟ್ಟ ಅಡ್ಡಹೆಸರು ಕತ್ತಲೆರಾಣಿ. ಕಿಟಕಿಯಿಲ್ಲದ ಕೋಣೆಯಲ್ಲೇ ಅರ್ಧ ಆಯುಷ್ಯ ಕಳೆದವಳು. "ಜನರ ಮುಖ ಮರೆತುಹೋಗುತ್ತೆ, ಪಕ್ಕೆಲುಬು ಮಾತ್ರ ಮರೆಯಲ್ಲ" ಅಂತ ನಗುತ್ತಿದ್ದಳು. ಮದುವೆ ಬೇಡವೆಂದು ತಾಯಿಯ ಜೊತೆಯೇ ಉಳಿದಿದ್ದಳು.

ಹಳೆಯ ಫಿಲಂಗಳನ್ನು ತಿಳಿಯಾಗಿಸುವ ಹೊಸ ವಿಧಾನ ಕಲಿಯುವ ಕೆಲಸ ಅವಳ ಪಾಲಿಗೆ ಬಂತು. ಫಿಲಂ ಅನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಕ್ಯಾಮೆರಾದಲ್ಲಿ ಒಮ್ಮೆ ಮಂದವಾಗಿ, ಒಮ್ಮೆ ಹದವಾಗಿ, ಒಮ್ಮೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಚಿತ್ರ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದಾಗಿ ಬೆಸೆಯುವುದು. ಬರಿಗಣ್ಣಿಗೆ ಇದ್ದಿಲಿನಂತೆ ಕಾಣುವ ಜಾಗದಲ್ಲೂ ಅಡಗಿದ್ದದ್ದು ಮೇಲೇಳುತ್ತದೆ. ರೋಗಿಗಳ ಫಿಲಂ ಮೇಲೆ ಕೈ ಪಳಗಿಸಿಕೊಳ್ಳುವುದು ಬೇಡವೆಂದು ಮನೆಯ ಬೀರುವಿನಲ್ಲಿದ್ದ ತನ್ನದನ್ನೇ ತಂದಳು. ಕೂಸಾಗಿದ್ದಾಗ ಕೆಮ್ಮಿಗೆಂದು ತೆಗೆಸಿದ್ದ ಎದೆಯ ಎಕ್ಸ್‌ರೇ ಅದು.

ಪರದೆಯ ಮೇಲೆ ಮೊದಲು ತಾಯಿಯ ಬೆರಳುಗಳು ಮೂಡಿದವು. ಕೂಸನ್ನು ಎರಡೂ ಬದಿಯಿಂದ ಹಿಡಿದಿದ್ದವು, ಅದು ಸಹಜ. ಆಮೇಲೆ ಎಡಭುಜದ ಆಚೆಯ ಕಪ್ಪಿನಿಂದ ಇನ್ನೊಂದು ಕೈ ಬಂತು. ಅಕ್ಕಿಕಾಳಿನಷ್ಟು ಮೂಳೆಗಳು. ಐದು ಬೆರಳೂ ಭುಜವನ್ನು ಅವುಚಿ ಹಿಡಿದಿದ್ದವು. ತನ್ನದೇ ಎಂದುಕೊಳ್ಳೋಣವೆಂದರೆ, ಕೂಸಿನ ಎರಡು ಕೈಗಳೂ ತಲೆಯ ಪಕ್ಕದಲ್ಲಿ ಮೇಲಕ್ಕೆ ಚಾಚಿದ್ದವು.

ಏನೋ ತಪ್ಪಾಗಿರಬೇಕೆಂದು ಮತ್ತೆ ಮೊದಲಿನಿಂದ ಮಾಡಿದಳು. ಕೈ ಇನ್ನಷ್ಟು ನಿಚ್ಚಳವಾಯಿತು.

ಸಂಜೆ ಅದರ ಪ್ರತಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. "ಅಮ್ಮಾ, ಇದು ಯಾರ ಕೈ?"

ಅಮ್ಮ ಲೋಟ ಕೆಳಗಿಟ್ಟಳು.

"ನಿನ್ನ ಜೊತೆ ಹುಟ್ಟಿದವಳದು. ನಿನ್ನ ಬಿಟ್ಟಿರ್ತಾನೇ ಇರಲಿಲ್ಲ. ಎಳೆದರೆ ಕಿರುಚೋಳು. ಎಕ್ಸ್‌ರೇ ತೆಗೆಯೋನಿಗೂ ಸಾಕಾಗಿ ಹಾಗೇ ತೆಗೆದ. ಆಮೇಲೆ ನಿನ್ನ ಕೆಮ್ಮು ಅವಳಿಗೂ ಹತ್ತಿತು. ನೀನು ಉಳಿದೆ."

"ನನಗ್ಯಾಕೆ ಹೇಳಲಿಲ್ಲ?"

"ಹೋದವಳ ಹೆಸರೆತ್ತಿದರೆ ಇರೋಳನ್ನೂ ಕರ್ಕೊಂಡು ಹೋಗ್ತಾಳೆ ಅಂದ್ರು ನಿಮ್ಮಜ್ಜಿ. ಬಾಯಿಗೆ ಬೀಗ ಹಾಕ್ಕೊಂಡೆ. ಅವಳದೊಂದು ಫೋಟೋನೂ ಇಲ್ಲ ಕಣೇ."

ಅಮ್ಮ ಆ ಪುಟ್ಟ ಮೂಳೆಗಳ ಮೇಲೆ ಬೆರಳಾಡಿಸುತ್ತಾ, ಅಷ್ಟು ವರ್ಷ ನುಂಗಿಕೊಂಡಿದ್ದ ಹೆಸರನ್ನು ಮೆಲ್ಲಗೆ ಕರೆದಳು.

"ಓ" ಅಂದಳು ಮಗಳು.

ಯಾಕೆ ಓಗೊಟ್ಟೆನೆಂದು ಅವಳಿಗೇ ತಿಳಿಯಲಿಲ್ಲ. ಅಮ್ಮ ತಲೆಯೆತ್ತಿ ದಿಟ್ಟಿಸಿದಳು. ಹೆದರಿದಂತೆಯೂ ಇತ್ತು, ಯಾರನ್ನೋ ಗುರುತು ಹಿಡಿದಂತೆಯೂ ಇತ್ತು ಆ ನೋಟ.

ಆಸ್ಪತ್ರೆಯಲ್ಲಿ ಅವಳು ಆ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಅದು ಅಮ್ಮನ ದಿಂಬಿನ ಪಕ್ಕ ಸೇರಿತು. ಈಗೀಗ ಅಮ್ಮ ಒಳಗಿನಿಂದ ಆ ಹೆಸರು ಹಿಡಿದೇ ಕರೆಯುತ್ತಾಳೆ. ಮಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತಾಳೆ.